ಒಂಬತ್ತು ಗಂಟೆಯ ಲೆಕ್ಕ ಇಡುವವರು ಯಾರು?

ಶನಿವಾರ ಸಂಜೆ ಆಗುಂಬೆಯ ಸೂರ್ಯಾಸ್ತ ನೋಡುವ ಜಾಗದಲ್ಲಿ ಕಾರು ನಿಲ್ಲಿಸಲು ಸ್ಥಳ ಸಿಗುವುದು ಕಷ್ಟ. ಬೆಂಗಳೂರಿನಿಂದ ದಣಿವಾರಿಸಿಕೊಳ್ಳಲು ಬಂದವರು, ಮಿಲೇನಿಯಲ್ ಎಂದು ಕರೆಸಿಕೊಳ್ಳುವ ನಮ್ಮ ಮಕ್ಕಳು, ತಮ್ಮಂದಿರು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ. ಸೂರ್ಯ ಮುಳುಗುವ ಮೊದಲೇ ಮ್ಯಾನೇಜರ್ ಫೋನು ಬರುತ್ತದೆ.

‘ಬರ್ನ್‌ಔಟ್’ ಎಂಬುದು ಹತೋಟಿಗೆ ಬಾರದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನೌಕರರಿಗೆ ಸಿಗುವ ಉಪದೇಶವೇ ಬೇರೆ: ಯೋಗ ಮಾಡಿ, ಧ್ಯಾನದ ಆ್ಯಪ್ ಹಾಕಿಕೊಳ್ಳಿ, ಮಲೆನಾಡಿಗೆ ಹೋಗಿ ಬನ್ನಿ. ಕಾಯಿಲೆ ಹಚ್ಚುವುದು ಕಚೇರಿ, ಔಷಧಿಯ ಖರ್ಚು ನೌಕರನದು.

ಕೋವಿಡ್ ಬಂದಾಗ ‘ಊರಿಂದಲೇ ಕೆಲಸ’ ಎಂದರು. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಿಗೆ ಹುಡುಗರು ಮರಳಿದರು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು, ಜಡಿಮಳೆಯಲ್ಲಿ ಕೊಡೆ ಹಿಡಿದು ಮೀಟಿಂಗಿನಲ್ಲಿ ಕೂತರು. ಕರೆಂಟು ಹೋದರೆ ಅದಕ್ಕೂ ಅವರೇ ಸಮಜಾಯಿಷಿ ಕೊಡಬೇಕಿತ್ತು. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಹಳ್ಳಿಗಳು ಬೋರ್ಡು ಹಾಕಿದವು. ಟವರ್ ಬರುವ ಮೊದಲೇ ಎಷ್ಟೋ ಮಂದಿಗೆ ಕಚೇರಿಗೆ ವಾಪಸು ಬರುವಂತೆ ಮೇಲ್ ಬಂತು.

ಸಾಕಾಗಿದ್ದರೆ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಆಗುಂಬೆಯ ಸುತ್ತ ಅಡಿಕೆಗೆ ಕೊಳೆ ಮೊದಲಿನಿಂದಲೂ ಇತ್ತು, ಈಗ ಎಲೆಚುಕ್ಕೆ ರೋಗವೂ ಸೇರಿದೆ. ಮಗ ಕಳಿಸುವ ಸಂಬಳದಿಂದಲೇ ಅಪ್ಪ ಸೊಸೈಟಿ ಸಾಲದ ಕಂತು ಕಟ್ಟುವ ಮನೆಗಳಿವೆ. ಅವನು ರಾಜೀನಾಮೆ ಕೊಟ್ಟರೆ ಬೀಳುವುದು ಎರಡು ಮನೆ.

ಹಾಗಾದರೆ ಕಾಯ್ದೆ ಇಲ್ಲವೇ? ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ; ಮೀರಿದರೆ ದುಪ್ಪಟ್ಟು ಕೂಲಿ. ಐಟಿ ನೌಕರರಲ್ಲಿ ಎಷ್ಟು ಮಂದಿ ಆ ದುಪ್ಪಟ್ಟನ್ನು ಕಣ್ಣಾರೆ ಕಂಡಿದ್ದಾರೆ?

ಕೆಲಸದ ಷರತ್ತುಗಳನ್ನು ಬರೆದು ಗೊತ್ತುಪಡಿಸಬೇಕೆನ್ನುವ ಸ್ಥಾಯಿ ಆದೇಶ ಕಾಯ್ದೆಯಿಂದ ಐಟಿ ಕಂಪನಿಗಳಿಗೆ 2014ರಲ್ಲಿ ಐದು ವರ್ಷಕ್ಕೆಂದು ಕೊಟ್ಟ ವಿನಾಯಿತಿ 2019ರಲ್ಲೂ, 2024ರಲ್ಲೂ ಮುಂದುವರಿಯಿತು. 2023ರಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರ ಜನವರಿಯ ಹೊತ್ತಿಗೆ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ ಬಾಯಲ್ಲಿ ಅದು 90 ಆಯಿತು. ಹೇಳುವವರಿಗೆ ಮನೆಗೆಲಸದ ಆಳುಗಳಿದ್ದಾರೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಳ್ಳುವವರಿಗೆ ಇಲ್ಲ.

ಸರ್ಕಾರ ಯಾರ ಮಾತಿಗೆ ಕಿವಿಗೊಟ್ಟಿತು? 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಸಲು ದಾರಿ ಮಾಡುವ ಪ್ರಸ್ತಾವ ಬಂತು. ಐಟಿ ನೌಕರರ ಸಂಘ ಗಟ್ಟಿಯಾಗಿ ವಿರೋಧಿಸಿತು. ಮರುವರ್ಷ ಜೂನ್‌ನಲ್ಲಿ ಮತ್ತೊಂದು: ದಿನಕ್ಕೆ 10 ಗಂಟೆ, ಹೆಚ್ಚುವರಿ ಸೇರಿ 12. ಇರುವ ಮಿತಿಯನ್ನು ಕಾಯಲಾಗದವರು ಮಿತಿಯನ್ನೇ ಎತ್ತರಿಸಲು ಹೊರಟರು.

ಲೆಕ್ಕ ಇಡುವುದು ಕಷ್ಟವೆಂಬ ನೆಪ ಬೇಡ. ನೌಕರ ಹತ್ತು ನಿಮಿಷ ತಡವಾಗಿ ಬಂದರೆ ಹಿಡಿಯುವ ಯಂತ್ರಕ್ಕೆ, ರಾತ್ರಿ ಹನ್ನೊಂದಕ್ಕೆ ಅವನು ಲಾಗ್‌ಔಟ್ ಆದದ್ದೂ ಗೊತ್ತು. ಕಾರ್ಮಿಕ ಇಲಾಖೆ ಆ ದಾಖಲೆಯನ್ನು ತರಿಸಿಕೊಂಡು, ಮೀರಿದ ಪ್ರತಿ ಗಂಟೆಗೆ ದುಪ್ಪಟ್ಟು ಕೂಲಿ ಕೊಡಿಸಲಿ.