ಮೂಲೆ ಕತ್ತರಿಸಿ ಚೌಕ ಮಾಡಬೇಡಿ ಸ್ವಾಮಿ

ನಮ್ಮ ಲೇಔಟಿನ ಕೊನೇ ರಸ್ತೆ ಓರೆಯಾಗಿ ಹೋಗಿದೆ. ಹಾಗಾಗಿ ನನಗೆ ಸಿಕ್ಕಿದ್ದು ಆಡ್ ಸೈಟು. ಚೌಕವಾಗಿ ಮನೆ ಎದ್ದ ಮೇಲೆ ಉತ್ತರಕ್ಕೆ ಒಂದು ಪಟ್ಟಿ ಉಳೀತು. ಉದ್ದ 26 ಅಡಿ, ಪೂರ್ವದ ತುದಿಯಲ್ಲಿ ಅಗಲ 11 ಅಡಿ, ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ಬರೀ 2 ಅಡಿ. ಒಟ್ಟು 169 ಚದರಡಿ. ಗುಂಟೆಯ ಆರನೇ ಒಂದು ಭಾಗವೂ ಇಲ್ಲ. ಫೋನಲ್ಲಿ ಹೇಳಿದಾಗ ಅಪ್ಪ ನಕ್ಕರು.

ನಾನು ನಗಲಿಲ್ಲ. ನನ್ನ ಮೊದಲ ಕೈತೋಟ ಅದು. ನಮ್ಮಂಥವರು ಮಾಡೋದನ್ನೇ ಮಾಡಿದೆ: ಗಾರ್ಡನ್ ಡಿಸೈನ್ ಮಾಡೋರನ್ನ ಕರೆಸಿದೆ. ಎರಡೇ ದಿನಕ್ಕೆ ಬಣ್ಣದ ಡ್ರಾಯಿಂಗ್ ಬಂತು. ನಡುವೆ 13 ಅಡಿಗೆ ಆರೂವರೆ ಅಡಿಯ ಲಾನ್, ಆ ಚೂಪು ಮೂಲೆಗೆ ಪೇವರ್, ಅದರ ಮೇಲೆ ಬಿಳಿ ಕಲ್ಲು, ಒಂದು ಬುದ್ಧನ ತಲೆ. "ಶೇಪ್ ಸರಿ ಇಲ್ಲ ಸರ್, ಮೂಲೆ ಮುಚ್ಚಿಬಿಟ್ರೆ ನೀಟಾಗಿ ಕಾಣತ್ತೆ" ಅಂದ್ರು. 10,000 ರೂಪಾಯಿ ಅಡ್ವಾನ್ಸ್ ಕೊಟ್ಟೆ.

ರಾತ್ರಿ ಕೂತು ಲೆಕ್ಕ ಹಾಕಿದೆ. ಲಾನ್ 84 ಚದರಡಿ. ಅಂದ್ರೆ ಚೌಕ ಕಾಣಿಸಲಿ ಅಂತ ಇರೋ ಮಣ್ಣಿನಲ್ಲಿ ಅರ್ಧಕ್ಕೆ ಸಮಾಧಿ. ನಮ್ಮ ಬೀದಿಯಲ್ಲಿ ನಡೆದು ನೋಡಿ, ಮನೆ ಮನೆಯಲ್ಲೂ ಇದೇ ಕಥೆ. ವಾಸ್ತುವಿನವರು ಮೂಲೆ ಬೆಳೆದಿದೆ ಕತ್ತರಿಸಿ ಅಂತಾರೆ, ಡಿಸೈನಿನವರು ನೀಟಾಗಿಲ್ಲ ಮುಚ್ಚಿ ಅಂತಾರೆ. ಕೊನೆಗೆ ಇಬ್ಬರದ್ದೂ ಸಿಮೆಂಟೇ.

ಊರಲ್ಲಿ ಅಪ್ಪನ ಪಾಲಿಗೆ ಬಂದಿದ್ದು ಹಳ್ಳದ ಪಕ್ಕದ ಮುಮ್ಮೂಲೆ ಹೊಲ. ಅದನ್ನ ಚೌಕ ಮಾಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಇಳಿಜಾರಿಗೆ ಅಡ್ಡವಾಗಿ ರಾಗಿ ಸಾಲು, ನಡುನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಹುಚ್ಚೆಳ್ಳು. ಎತ್ತು ತಿರುಗದ ಮೂಲೆಯನ್ನ ಅವ್ವ ಗುದ್ದಲಿಯಲ್ಲಿ ಅಗೆದು ಹರಳು ಹಾಕೋಳು. ಹಿತ್ತಲಲ್ಲೂ ಅಷ್ಟೇ. ಬಚ್ಚಲ ನೀರು ಎಲ್ಲಿಗೆ ಹರೀತಿತ್ತೋ ಅಲ್ಲಿ ಬಾಳೆ. ಪ್ಲಾನ್ ಇರಲಿಲ್ಲ ಅಂತಲ್ಲ. ನೀರು ಎಲ್ಲಿಂದ, ಬಿಸಿಲು ಎಷ್ಟು ಹೊತ್ತು, ದಿನಾ ಕಾಲು ಯಾವ ಕಡೆ ಹೋಗತ್ತೆ ಅನ್ನೋದೇ ಪ್ಲಾನು. ಗಡಿ ಓರೆಯೋ ನೇರವೋ ಅಂತ ಗಿಡ ನೋಡಲ್ಲ.

ಡ್ರಾಯಿಂಗಿನಲ್ಲಿ ಇದ್ಯಾವುದೂ ಇರಲಿಲ್ಲ. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಜೂನ್ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರ್ತಾನೆ, ಆಗ ನನ್ನ ಪಟ್ಟಿ ಪೂರ್ತಿ ಬಿಸಿಲು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲ್ತಾನೆ, ಆಗ 24 ಅಡಿ ಎತ್ತರದ ಮನೆಯ ನೆರಳು ಮಧ್ಯಾಹ್ನ ಹತ್ತಿರಹತ್ತಿರ 18 ಅಡಿ ಬೀಳತ್ತೆ. ನನ್ನ 11 ಅಡಿ ಅಗಲ ಅದಕ್ಕೆ ಯಾವ ಲೆಕ್ಕ? ಪೂರ್ವದ ತುದಿಗೆ ಮಾತ್ರ ಬೆಳಗಿನ ಹೊತ್ತು ಒಂದಿಷ್ಟು ಬಿಸಿಲು. ಲಂಡನ್ನಿನವರ ವಿಡಿಯೋ ನೋಡಿ ತೋಟ ಮಾಡೋರಿಗೆ ಇದು ಗೊತ್ತಾಗಲ್ಲ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣದಲ್ಲೇ ಇರ್ತಾನೆ. ಬಿಸಿಲು ಬೇಡೋ ಲಾನನ್ನ ಅಂಥ ನೆರಳಲ್ಲಿ ಹಾಸಿ, ಬೇಸಿಗೆಯಲ್ಲಿ ಅದಕ್ಕೆ ಟ್ಯಾಂಕರ್ ನೀರು ಕುಡಿಸಬೇಕಿತ್ತು ನಾನು!

ಇನ್ನು ಆ ಕೆಟ್ಟ ಮೂಲೆ. ಟೆರೇಸಿನ ಮಳೆನೀರಿನ ಪೈಪು ಇಳಿಯೋದೇ ಅಲ್ಲಿಗೆ. 900 ಚದರಡಿ ಟೆರೇಸಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,600 ಲೀಟರ್ ನೀರು. ಪೇವರ್ ಹಾಕಿದ್ರೆ ಅಷ್ಟೂ ಸೀದಾ ರಸ್ತೆಗೆ. ಆಮೇಲೆ ರಸ್ತೆ ತುಂಬಿದಾಗ ನಾವೇ ಫೋಟೋ ಹಾಕಿ ಸರ್ಕಾರಕ್ಕೆ ಬೈಯೋದು.

"ಮಣ್ಣು ಬಿಟ್ರೆ ಸೊಳ್ಳೆ" ಅಂತಾರೆ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ನಿಂತ ನೀರಿನ ಪಾತ್ರೆಗಳಲ್ಲಿ, ನಿಮ್ಮ ಬಾಲ್ಕನಿ ಕುಂಡದ ತಟ್ಟೆಯಂಥವುಗಳಲ್ಲಿ. ಬಿದ್ದ ನೀರು ಇಂಗಿ ಹೋಗೋ ಮಣ್ಣಲ್ಲಿ ಅಲ್ಲ. ಕೆಸರು ಆಗತ್ತೆ, ಒಪ್ತೀನಿ. ನಡೆಯೋ ಕಡೆ ನಾಲ್ಕು ಚಪ್ಪಡಿ ಹಾಕಿ, ಸಂದಿಯಲ್ಲಿ ಮಣ್ಣು ಇರಲಿ.

ಈಗ ಅಗಲದ ತುದಿಯಲ್ಲಿ ಬದನೆ, ಮೆಣಸಿನಕಾಯಿ, ಸೊಪ್ಪು. ಚಳಿಗಾಲಕ್ಕೆ ಸೊಪ್ಪಷ್ಟೇ. ನಡುವೆ ಒಂದು ಕರಿಬೇವು. ಪೈಪಿನ ಬುಡದಲ್ಲಿ ಗುಂಡಿ ತೋಡಿ ಇಟ್ಟಿಗೆ ಚೂರು ತುಂಬಿಸಿದೀನಿ. ಸುತ್ತಲೂ ಕೆಸು, ಒಂದೆಲಗ, ನೆರಳು ತೇವ ಎರಡನ್ನೂ ತಾಳೋವು. ಕೆಸು ಹಾಕಿದ್ದು ನಾನಲ್ಲ, ಅವ್ವ. ಹಬ್ಬಕ್ಕೆ ಬಂದವಳು ನನ್ನನ್ನ ಕೇಳದೇನೆ ನೆಟ್ಟು ಹೋದಳು.

ಡಿಸೈನ್ ಮಾಡೋರೆಲ್ಲ ಹೀಗೇ ಅಂತ ನಾನು ಹೇಳ್ತಿಲ್ಲ. ಆದರೆ ಟೇಪ್ ಹಿಡಿಯೋ ಮುಂಚೆ "ನಿಮ್ಮ ಮಳೆನೀರಿನ ಪೈಪು ಎಲ್ಲಿಳಿಯತ್ತೆ?" ಅಂತ ಕೇಳದವರಿಗೆ ಅಡ್ವಾನ್ಸ್ ಕೊಡಬೇಡಿ. ನನ್ನ 10,000 ಇನ್ನೂ ವಾಪಸ್ ಬಂದಿಲ್ಲ.