ತಂತ್ರಾಂಶದ ಕಿರ್ದಿಯೂ ಸದಸ್ಯರಿಗೆ ಕಾಣಲಿ

1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅಂತಹ ಸಂಘಗಳು ಬೆಳೆದದ್ದು ಕಿರ್ದಿ-ಖತಾವಣಿಗಳ ಮೇಲಿನ ನಂಬಿಕೆಯಿಂದ. ತಪ್ಪು ಬರೆದ ಅಂಕಿಯನ್ನು ಕೆರೆದು ಅಳಿಸುವಂತಿಲ್ಲ. ಗೆರೆ ಎಳೆದು, ಸರಿಯಾದುದನ್ನು ಬರೆದು, ರುಜು ಹಾಕಬೇಕು. ತಪ್ಪೂ ಕಾಣಬೇಕು, ತಿದ್ದಿದವರೂ ಕಾಣಬೇಕು.

ಈಗ ಆ ಕಿರ್ದಿ ಗಣಕದೊಳಗಿದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಯೋಜನೆಯ ಹೊರಗಿನ ಅನೇಕ ಸಂಘಗಳು ಸಣ್ಣಪುಟ್ಟ ಕಂಪನಿಗಳಿಂದ ತಂತ್ರಾಂಶ ಕೊಳ್ಳುತ್ತವೆ. ಸಾಲಗಾರನ ಬಡ್ಡಿ ಎಷ್ಟೆಂಬುದನ್ನು ಗುಮಾಸ್ತನಲ್ಲ, ತಂತ್ರಾಂಶದ ಒಂದೆರಡು ಸಾಲುಗಳು ನಿರ್ಧರಿಸುತ್ತವೆ. ಆ ಸಾಲುಗಳು ಯಾವಾಗ ಬದಲಾದವು, ಬದಲಿಸಿದವರು ಯಾರು, ಏತಕ್ಕೆ?

ಉತ್ತರ ಇಲ್ಲವೆಂದಲ್ಲ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ‘ಗಿಟ್’ನಂತಹ ವ್ಯವಸ್ಥೆಗಳು ಪ್ರತಿಯೊಂದು ತಿದ್ದುಪಡಿಯನ್ನೂ ಹೆಸರು, ದಿನಾಂಕ, ಕಾರಣಗಳೊಂದಿಗೆ ಕಾಯ್ದಿಡುತ್ತವೆ. ಆದರೆ ಆ ಭಂಡಾರದ ಕೀಲಿ ತಂತ್ರಜ್ಞರ ಬಳಿ ಮಾತ್ರ. ಸಂಘದ ಕಾರ್ಯದರ್ಶಿಗೆ ಪ್ರವೇಶವಿಲ್ಲ, ಲೆಕ್ಕಪರಿಶೋಧಕರಿಗಿಲ್ಲ. ಸದಸ್ಯನ ಮಾತಂತೂ ದೂರವೇ ಉಳಿಯಿತು.

ಇದರ ಪರಿಣಾಮ ಎಷ್ಟು ಘೋರವಾಗಬಲ್ಲದೆಂಬುದನ್ನು ಬ್ರಿಟನ್ನಿನ ಅಂಚೆ ಇಲಾಖೆ ತೋರಿಸಿದೆ. ‘ಹೊರೈಝನ್’ ಎಂಬ ಲೆಕ್ಕದ ತಂತ್ರಾಂಶ ತೋರಿಸಿದ ಕೊರತೆಯನ್ನು ನಂಬಿ, 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳ ಪಟ್ಟ ಕಟ್ಟಲಾಯಿತು. ಅವರಲ್ಲಿ ಬಹುತೇಕರು ಹಳ್ಳಿ-ಪೇಟೆಗಳ ಸಣ್ಣ ಅಂಚೆ ಕಚೇರಿ ನಡೆಸುತ್ತಿದ್ದವರು. ಕೆಲವರು ಜೈಲಿಗೆ ಹೋದರು, ಮನೆ ಕಳೆದುಕೊಂಡರು. ತಂತ್ರಾಂಶದ ಗೊತ್ತಿದ್ದ ದೋಷಗಳ ಪಟ್ಟಿಯೊಂದು ಫುಜಿತ್ಸು ಕಂಪನಿಯ ಬಳಿ ಇತ್ತು. ಆಪಾದಿತರ ಕೈಗೆ ಅದು ಸಿಗಲಿಲ್ಲ. ದೋಷಗಳಿದ್ದವೆಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ. ಸಂಸತ್ತು ಕಾಯ್ದೆ ತಂದು ಶಿಕ್ಷೆಗಳನ್ನು ರದ್ದುಗೊಳಿಸಿದ್ದು 2024ರಲ್ಲಿ.

ಭಂಡಾರದ ಬಾಗಿಲನ್ನು ಎಲ್ಲರಿಗೂ ತೆರೆಯಿರೆಂದು ಯಾರೂ ಕೇಳುತ್ತಿಲ್ಲ. ಬದಲಾವಣೆಗಳ ಪಟ್ಟಿಯನ್ನು ಸಾದಾ ಪಠ್ಯವಾಗಿ ತೆಗೆದುಕೊಡಬಹುದು. ಪೂರ್ತಿ ಇತಿಹಾಸವನ್ನೇ ‘ಬಂಡಲ್’ ಎಂಬ ಒಂದು ಕಡತವಾಗಿ ಕಟ್ಟಿ ಪೆನ್‌ಡ್ರೈವ್‌ನಲ್ಲಿ ಒಪ್ಪಿಸಬಹುದು; ಪಡೆದವರು ಕಂಪನಿಯ ಗಣಕದ ಹಂಗಿಲ್ಲದೆ ಅದನ್ನು ಪರಿಶೀಲಿಸಬಲ್ಲರು. ಎಚ್ಚರವೂ ಬೇಕು, ನಿಜ. ಎಂದೋ ಅಜಾಗ್ರತೆಯಿಂದ ಸೇರಿದ ಗುಪ್ತಪದವೋ ಗ್ರಾಹಕರ ವಿವರವೋ ಈಗಿನ ಪ್ರತಿಯಿಂದ ಅಳಿಸಿಹೋಗಿದ್ದರೂ ಇತಿಹಾಸದಲ್ಲಿ ಉಳಿದಿರುತ್ತದೆ. ವ್ಯಾಪಾರದ ಗುಟ್ಟೆಂಬ ಆಕ್ಷೇಪವೂ ಬರುತ್ತದೆ. ಹಾಗಿದ್ದರೆ ಬಡ್ಡಿ, ದಂಡ, ಜಮಾ-ಖರ್ಚಿಗೆ ಸಂಬಂಧಿಸಿದ ಭಾಗದ ಚರಿತ್ರೆಯನ್ನಷ್ಟೇ ಬೇರ್ಪಡಿಸಿ ಕೊಡಲಿ.

ಇನ್ನೊಂದು ತೊಡಕು ಬರೆಯುವವರದೇ. ‘ಸಣ್ಣ ತಿದ್ದುಪಡಿ’ ಎಂದಷ್ಟೇ ಟಿಪ್ಪಣಿ ಗೀಚುವ ಅಭ್ಯಾಸ ನಮ್ಮ ತಂತ್ರಜ್ಞರಲ್ಲಿ ವ್ಯಾಪಕ. ಅಂಥ ನೂರು ಟಿಪ್ಪಣಿ ಒಪ್ಪಿಸಿದರೂ ಲೆಕ್ಕಪರಿಶೋಧಕರಿಗೆ ಏನು ತಿಳಿದೀತು?

ಹುಬ್ಬಳ್ಳಿ-ಧಾರವಾಡದ ಸಂಘಗಳು ಹಣ ತೆತ್ತು ಕೊಳ್ಳುವ ಗ್ರಾಹಕರು. ಕರಾರಿನಲ್ಲಿ ಷರತ್ತು ಹಾಕುವ ಅಧಿಕಾರ ಅವಕ್ಕಿದೆ. ಲೆಕ್ಕದ ವಿಧಾನ ಬದಲಾದಾಗಲೆಲ್ಲ ಕನ್ನಡದಲ್ಲಿ ನಾಲ್ಕು ಸಾಲಿನ ವಿವರಣೆ, ವರ್ಷಕ್ಕೊಮ್ಮೆ ಇತಿಹಾಸದ ಪ್ರತಿ: ಇಷ್ಟನ್ನು ಆಡಳಿತ ಮಂಡಳಿಗಳು ಪಡೆಯಲಿ. ಸೆಪ್ಟೆಂಬರಿನ ಮಹಾಸಭೆಯಲ್ಲಿ ಆ ವಿವರಣೆಯನ್ನು ಆಯವ್ಯಯದ ಪತ್ರಿಕೆಯ ಜೊತೆಗೇ ಸದಸ್ಯರಿಗೆ ಹಂಚಲಿ.