ಐದು ಬೋಲ್ಟಿನ ಜಗಳ

ನಾನು ಜಿಪುಣಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದುಂದುಗಾರ್ತಿ ಅನ್ನಬಾರದು ನೋಡಿ. ಹಳೇ ರವಿಕೆಯ ಹುಕ್ಕು, ಮಿಠಾಯಿ ಪೊಟ್ಟಣದ ರಬ್ಬರ್ ಬ್ಯಾಂಡು, ಒಂದು ಮಗ್ಗುಲು ಖಾಲಿ ಇರುವ ಕಾಗದ, ಯಾವುದನ್ನೂ ಎಸೆದವಳಲ್ಲ. ಅಂಥ ನಾನು ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಒಂದು ಗ್ಯಾರೇಜಿನ ಮುಂದೆ ನಿಂತು, ನನ್ನಿಂದ 130 ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳಲೇಬೇಕು ಎಂದು ಜಗಳವಾಡಿದೆ.

ಮಗಳು ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ. ಶನಿವಾರ ಸಂಜೆ ಬೈಕಿನಲ್ಲಿ ಆಗುಂಬೆ ಘಾಟಿ ಹತ್ತಿ ಬರುತ್ತಾಳೆ, ಸೋಮವಾರ ನಸುಕಿಗೇ ಇಳಿದು ಹೋಗುತ್ತಾಳೆ. ನೀರು ತುಂಬಿದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಬಿದ್ದು ಅಲಾಯ್ ಬಿರುಕು ಬಿಟ್ಟಿತು. ಹೊಸ ಚಕ್ರಕ್ಕೇ ನಾಲ್ಕು ಸಾವಿರದ ಮೇಲಾಯಿತು. ಅವಳು ಬಸ್ಸಿನಲ್ಲಿ ಹೋದಳು; ಬೈಕು ಬಿಡಿಸಿಕೊಂಡು ಬರುವ ಕೆಲಸ ನನಗೆ ಬಿತ್ತು. ಹೊರಡುವಾಗ ಒಂದೇ ಮಾತು ಹೇಳಿದ್ದಳು: "ಅಮ್ಮಾ, ಡಿಸ್ಕಿನ ಬೋಲ್ಟು ಹೊಸದೇ ಹಾಕಿಸು."

ಹೋಗಿ ನೋಡಿದರೆ ಹೊಳೆಯುವ ಹೊಸ ಚಕ್ರದ ಮೇಲೆ ಹಳೆಯ ಡಿಸ್ಕು. ಅದನ್ನು ಹಿಡಿದಿದ್ದ ಐದೂ ಬೋಲ್ಟು ಹಳೆಯವೇ. ಒಂದರ ತಲೆಯಂತೂ ಅಲೆನ್ ಕೀ ತಿರುಗಿ ತಿರುಗಿ ಗುಂಡಗಾಗಿತ್ತು. ಕೇಳಿದ್ದಕ್ಕೆ, "ಕಬ್ಬಿಣ ಎಲ್ಲಿ ಹಾಳಾಗುತ್ತಮ್ಮಾ? ಇಪ್ಪತ್ತು ವರ್ಷದಿಂದ ಹೀಗೇ ಹಾಕ್ತಿದೀನಿ. ಹೊಸದು ಹಾಕಿ ಅನ್ನೋದೆಲ್ಲ ಕಂಪನಿಯವರ ವ್ಯಾಪಾರ" ಎಂದರು. ಕೊನೆಗೆ, "ನಿಮಗೆ ಇದೆಲ್ಲ ತಿಳಿಯಲ್ಲ, ಯಜಮಾನರನ್ನ ಕಳಿಸಿ." ಯಜಮಾನರಿಗೆ ಸೈಕಲ್ಲಿನ ಚೈನು ಹಾಕಲೂ ಬಾರದು ಎಂಬುದು ಊರಿಗೇ ಗೊತ್ತು.

ತಿಳಿಯದ ವಿಷಯವೇನಲ್ಲ ಅದು. ಬ್ರೇಕ್ ಹಿಡಿದಾಗ ಪ್ಯಾಡುಗಳು ಅದುಮುವುದು ಡಿಸ್ಕನ್ನು, ಚಕ್ರವನ್ನಲ್ಲ. ಡಿಸ್ಕು ಚಕ್ರವನ್ನು ನಿಲ್ಲಿಸುವುದು ಆ ಐದು ಬೋಲ್ಟುಗಳ ಬಿಗಿತದಿಂದ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಘಾಟಿ ಇಳಿಯುವಾಗ ಇನ್ನೂ ಹೆಚ್ಚು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ, ಇವಳದ್ದಕ್ಕೂ ಇದೆ. ಆದರೆ ಅದು ಎಷ್ಟೇ ಬುದ್ಧಿವಂತ ಯಂತ್ರವಾದರೂ ಅದರ ಬುದ್ಧಿ ಚಕ್ರಕ್ಕೆ ಮುಟ್ಟಬೇಕಾದರೆ ಇದೇ ಬೋಲ್ಟುಗಳ ಮೂಲಕ ಹೋಗಬೇಕು. ಒಂದು ಸಡಿಲಾಗಿ ತಲೆ ಹೊರಗೆ ಚಾಚಿ ಕ್ಯಾಲಿಪರಿಗೋ ಫೋರ್ಕಿಗೋ ತಗುಲಿದರೆ ಓಡುವ ಚಕ್ರ ಇದ್ದಲ್ಲೇ ಕಚ್ಚಿಕೊಳ್ಳಬಹುದು. ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ.

ಕಬ್ಬಿಣ ಹಾಳಾಗುವುದಿಲ್ಲ, ಸರಿ. ಹಾಳಾಗುವುದು ಅದರ ಥ್ರೆಡ್ಡಿಗೆ ಕಾರ್ಖಾನೆಯಲ್ಲೇ ಹಚ್ಚಿ ಒಣಗಿಸಿದ ಅಂಟು. ಬೋಲ್ಟು ಅದುರಿ ಅದುರಿ ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವುದು ಅದೇ. ಒಮ್ಮೆ ಬಿಚ್ಚಿದರೆ ಅದು ಪುಡಿಯಾಗುತ್ತದೆ, ಮತ್ತೆ ಹಾಕಿದರೆ ಹಿಡಿಯುವುದಿಲ್ಲ. ಹೋಂಡಾದ ಹಲವು ಮಾದರಿಗಳ ಸರ್ವಿಸ್ ಪುಸ್ತಕದಲ್ಲಿ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿ ಎಂದಿದೆ. ಯಮಹಾದ ಕೆಲವು ಮಾದರಿಗಳಿಗೆ ಲಾಕ್‌ಟೈಟ್ ಹಚ್ಚಿ ಬಿಗಿಯಿರಿ ಎಂಬ ಸೂಚನೆ. ಅಂದರೆ ಹಳೆಯದನ್ನು ಹಾಕುವುದೇ ಮಹಾಪಾಪ ಎಂದು ನಾನು ಹೇಳುತ್ತಿಲ್ಲ. ಪುಸ್ತಕ ಬೇಡ ಎನ್ನದಿದ್ದರೆ, ಹಾಕುವುದಾದರೆ ಥ್ರೆಡ್ಡನ್ನೂ ಚಕ್ರದ ತೂತನ್ನೂ ಉಜ್ಜಿ, ಎಣ್ಣೆ ಜಿಡ್ಡು ತೆಗೆದು, ಹೊಸ ಅಂಟು ಹಚ್ಚಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಅಂಟು ಗಟ್ಟಿಯಾಗಲು ಒಂದು ದಿನ ಬಿಡಬೇಕು. ಅಷ್ಟು ತಾಳ್ಮೆ ಇರುವ ಗ್ಯಾರೇಜು ನಿಮ್ಮೂರಿನಲ್ಲಿದ್ದರೆ ನನಗೂ ತಿಳಿಸಿ. ಇಲ್ಲಿ ಆದದ್ದು, ಬಿಚ್ಚಿದ ಬೋಲ್ಟನ್ನು ಗ್ರೀಸ್ ಮೆತ್ತಿದ ಬಟ್ಟೆಯಲ್ಲಿ ಒರೆಸಿ, ಕೀಗೆ ಪೈಪು ತೂರಿಸಿ ಎಳೆದದ್ದು. ಚಕ್ರ ಅಲ್ಯೂಮಿನಿಯಮ್ಮು, ಮೆತ್ತಗಿನ ಲೋಹ. ಅತಿಯಾಗಿ ಎಳೆದರೆ ತೂತಿನ ಥ್ರೆಡ್ಡೇ ಕಿತ್ತುಬರುತ್ತದೆ. ಒಂದು ಕಂಪನಿ 42 ನ್ಯೂಟನ್ ಮೀಟರ್ ಎಂದು ಅಳತೆ ಕೊಟ್ಟರೆ ಇನ್ನೊಂದರದು ಅದರ ಅರ್ಧದಷ್ಟೂ ಇರಬಹುದು. ಇದು ಕೈ ಅಂದಾಜಿಗೆ ಸಿಕ್ಕುವ ಲೆಕ್ಕವೇ? ಉಪ್ಪಿಟ್ಟಿಗೆ ಉಪ್ಪು ಹಾಕಿದಂತೆ?

ಇಪ್ಪತ್ತು ವರ್ಷದ ಅನುಭವದ ಮಾತು ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಬೋಲ್ಟು ಹಾಕಿದ ಅನುಭವ ಅವರದು. ಅದು ಹಿಡಿಯಿತೋ ಇಲ್ಲವೋ ಎಂಬ ಅನುಭವ ಘಾಟಿಯ ತಿರುವಿನಲ್ಲಿ ಇನ್ನೊಬ್ಬರಿಗೆ ಆಗುವಂಥದ್ದು. ಉಳಿತಾಯ ಒಬ್ಬರ ಲೆಕ್ಕಕ್ಕೆ, ಅಪಾಯ ಮತ್ತೊಬ್ಬರ ಮೈಮೇಲೆ. ಕುಕ್ಕರಿನ ಗ್ಯಾಸ್ಕೆಟ್ಟನ್ನು ಇನ್ನೊಂದು ತಿಂಗಳು ನಡೆಯಲಿ ಎಂದು ತಳ್ಳುವವರು ನಮ್ಮಲ್ಲಿ ಬೇಕಾದಷ್ಟಿದ್ದೇವೆ. ಆದರೆ ಕರಗಿಹೋದ ಸೇಫ್ಟಿ ವಾಲ್ವಿಗೆ ಬೆಸುಗೆ ಹಾಕಿಸಿ ಒಲೆಗೇರಿಸಿದವಳನ್ನು ನೀವು ಕಂಡಿದ್ದೀರಾ? ಯಾವುದನ್ನು ತಳ್ಳಬಹುದು, ಯಾವುದನ್ನು ತಳ್ಳಬಾರದು ಎಂಬ ವಿವೇಕ ಅಡುಗೆಮನೆಯಲ್ಲಿ ನಮಗೆ ಚೆನ್ನಾಗಿಯೇ ಇದೆ. ಗ್ಯಾರೇಜಿನ ಮುಂದೆ ನಿಂತ ಕೂಡಲೇ ಅದೆಲ್ಲಿ ಹೋಗುತ್ತದೋ! ಸೆರಗು ಸರಿಮಾಡಿಕೊಂಡು, "ಎಷ್ಟಾಯ್ತು?" ಎಂದಷ್ಟೇ ಕೇಳಿ ಹೊರಟುಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಹೊರಟವಳು.

ಆ ದಿನ ಹೊರಡಲಿಲ್ಲ. ಪಕ್ಕದ ಬೇಕರಿಯಿಂದ ಒಂದು ಸ್ಟೂಲು ಕೇಳಿ ತಂದು ಕೂತೆ. ಶಿವಮೊಗ್ಗದಿಂದ ಬೋಲ್ಟು ತರಿಸಬೇಕು, ನಾಳೆಯಾಗುತ್ತದೆ ಎಂದರು. ನಾಳೆಯೇ ಬರುತ್ತೇನೆ ಎಂದೆ, ಹೋದೆ ಕೂಡ. ಹೊಸ ಐದನ್ನು ಕವರಿನಿಂದ ನನ್ನೆದುರೇ ಬಿಡಿಸಿದರು. ಥ್ರೆಡ್ಡಿನ ಮೇಲೆ ನೀಲಿ ಅಂಟಿನ ಪಟ್ಟಿ ಎದ್ದು ಕಾಣುತ್ತಿತ್ತು. ಟಾರ್ಕ್ ರೆಂಚ್ ಅವರಲ್ಲಿ ಇತ್ತು! ಬೀರುವಿನ ಮೇಲೆ, ಪೇಪರು ಸುತ್ತಿ, ಮದುವೆಗೆ ಬಂದ ಉಡುಗೊರೆಯ ಹಾಗೆ.

ಹಳೆಯ ಐದನ್ನೂ ಕೇಳಿ ಎಣಿಸಿ ಚೀಲಕ್ಕೆ ಹಾಕಿಕೊಂಡೆ. ಅಲ್ಲೇ ಬಿಟ್ಟರೆ ಇನ್ಯಾರ ಮಗಳ ಗಾಡಿಗೆ ಏರುತ್ತವೋ ಎಂಬ ಅನುಮಾನ. ಮನೆಗೆ ತಂದು ಜಗಲಿಯ ಮೇಲಿಟ್ಟರೆ ನಮ್ಮವರು ತಿರುಗಿಸಿ ತಿರುಗಿಸಿ ನೋಡಿ, "ಗಟ್ಟಿಯಾಗಿವೆಯಲ್ಲೇ, ಯಾವುದಕ್ಕಾದರೂ ಬರುತ್ತೆ" ಎಂದು ಮೊಳೆ ಡಬ್ಬಿ ತೆಗೆದರು. ನಾನು ಕಿತ್ತುಕೊಂಡು ಗುಜರಿಯ ಚೀಲಕ್ಕೆ ಹಾಕಿದೆ.